ಡೋಲು ಮೊದಲು ಕಾಣುತ್ತದೆ, ಆಮೇಲೆ ಕೇಳುತ್ತದೆ

(ಕಾರವಾರದಲ್ಲಿ ಓದುಗ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನು ದೊಡ್ಡ ತಜ್ಞೆ ಅಂದುಬಿಟ್ಟರು. ಅಷ್ಟೆಲ್ಲ ಇಲ್ಲ. ಮೂವತ್ತು ವರ್ಷ ಹೈಸ್ಕೂಲುಗಳಲ್ಲಿ ಪಿಟಿ ಟೀಚರ್ ಆಗಿದ್ದೆ. ಮಕ್ಕಳ ಬಾಯಲ್ಲಿ ಪಿಟಿ ಅಕ್ಕೋರು. ಮಳೆಗಾಲದಲ್ಲಿ ನಮ್ಮ ಮೈದಾನ ಗದ್ದೆಯಾಗುತ್ತಿತ್ತು. ವರಾಂಡದಲ್ಲಿ ಕೇರಂ ಆಡಿಸುವುದೇ ಕೆಲಸ. ಬೇಸಿಗೆಯಲ್ಲಿ ಯಾರಾದರೂ ಮಾಸ್ತರು ರಜೆ ಹಾಕಿದರೆ ಅವರ ಪಿರಿಯಡ್ ನನ್ನ ತಲೆಗೆ. ನಡುವೆ ಸಿಕ್ಕ ಸಮಯದಲ್ಲಿ ನೂರಾರು ಮಕ್ಕಳು ಒಂದೇ ಸಲ ಕೈ ಎತ್ತುವ ಹಾಗೆ ಮಾಡಬೇಕಿತ್ತು. ಜನ ಒಬ್ಬರಿಗೊಬ್ಬರು ಮೈ ಹೊಂದಿಸಿಕೊಳ್ಳುವುದು ಹೇಗೆ ಅನ್ನುವ ಹುಚ್ಚು ನನಗೆ ಹತ್ತಿದ್ದು ಅಲ್ಲಿ. ಅದರಲ್ಲೂ ಒಂದು ಸೋಲಿನಿಂದ.

ಒಂದು ಜನವರಿ 26ಕ್ಕೆ ತಾಲೂಕಿನ ಮಕ್ಕಳದ್ದೆಲ್ಲ ಸೇರಿಸಿ ಲೇಜಿಮ್ ಕವಾಯತು ಮಾಡಿಸುವ ಕೆಲಸ ನನಗೆ ಬಂತು. 400 ಮಕ್ಕಳು. ಹತ್ತು ಸಾಲು, ಸಾಲಿಗೆ ನಲವತ್ತು ಮಕ್ಕಳು, ಒಬ್ಬರ ಹಿಂದೆ ಒಬ್ಬರು, ನಡುವೆ ಎರಡು ಮೀಟರ್. ಮುಂದೆ ವೇದಿಕೆ, ಅಲ್ಲೇ ಡೋಲು, ಅಲ್ಲೇ ಮೈಕು. ಡೋಲಿನ ಪೆಟ್ಟು ಅರ್ಧ ಸೆಕೆಂಡಿಗೊಂದು.

ಮುಂದಿನವರು ಚೆನ್ನಾಗಿ ಮಾಡುತ್ತಿದ್ದರು. ಹಿಂದಿನವರದ್ದು ಮಾತ್ರ ಉಲ್ಟಾ. ಇವರ ಕೈ ಮೇಲಿದ್ದಾಗ ಅವರ ಕೈ ಕೆಳಗೆ. ಆದರೆ ಕಣ್ಣು ಮುಚ್ಚಿ ಕೇಳಿದರೆ ಲೇಜಿಮ್ ಸದ್ದು ಸರಿಯಾಗೇ ಇತ್ತು! ಕಣ್ಣಿಗೆ ತಪ್ಪು, ಕಿವಿಗೆ ಸರಿ. ನನಗೆ ತಲೆ ಕೆಟ್ಟುಹೋಯಿತು. ಮೂರು ದಿನ ಹಿಂದಿನ ಸಾಲಿನ ಮಕ್ಕಳಿಗೆ ಬೈದೆ. ಬಿಸಿಲಲ್ಲಿ ಜಾಸ್ತಿ ಹೊತ್ತು ನಿಲ್ಲಿಸಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೇ ದಿನ ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ನೀರು ಕುಡಿಯಲು ಬಂದವಳು ಹೇಳಿದಳು: "ಅಕ್ಕೋರೇ, ನಮಗೆ ಡೋಲು ಮೊದಲು ಕಾಣ್ತದೆ, ಆಮೇಲೆ ಕೇಳ್ತದೆ. ಯಾವುದಕ್ಕೆ ಕೈ ಎತ್ತೂದು?"

ನಾನು ನಡೆದುಕೊಂಡು ಕೊನೆಯ ಸಾಲಿಗೆ ಹೋದೆ. ಹೌದು. ಡೋಲಿನವನ ಕೈ ಬಿತ್ತು, ಸದ್ದಿಲ್ಲ. ಕೈ ಮೇಲೆದ್ದ ಮೇಲೆ "ಢಂ" ಅಂತ ಬಂತು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವೇದಿಕೆಯಿಂದ ಕೊನೆಯ ಸಾಲಿಗೆ 85 ಮೀಟರ್ ಇತ್ತು. ಅಂದರೆ ಕಾಲು ಸೆಕೆಂಡು ತಡ. ಅರ್ಧ ಸೆಕೆಂಡಿನ ತಾಳದಲ್ಲಿ ಕಾಲು ಸೆಕೆಂಡು ಅಂದರೆ ಸರಿಯಾಗಿ ಉಲ್ಟಾ. ಅವರ ಲೇಜಿಮ್ ಸದ್ದು ನನ್ನ ಹತ್ತಿರ ಬರುವುದಕ್ಕೆ ಇನ್ನೊಂದು ಕಾಲು ಸೆಕೆಂಡು. ಒಟ್ಟು ಅರ್ಧ. ಅಷ್ಟರಲ್ಲಿ ಮುಂದಿನ ಪೆಟ್ಟು ಬಿದ್ದಿರುತ್ತಿತ್ತು. ಹಾಗಾಗಿ ಕಿವಿಗೆ ಸರಿ ಕೇಳುತ್ತಿತ್ತು. ಪಾಪ, ಆ ಮಕ್ಕಳು ಒಂದು ಚೂರೂ ತಪ್ಪಿರಲಿಲ್ಲ. ತಾಳ ಅವರಿಗೆ ಮುಟ್ಟಿದ್ದೇ ಹಾಗೆ.

ಮಾರನೇ ದಿನ ಸಾಲು ತಿರುಗಿಸಿದೆ. ಉದ್ದಕ್ಕೆ ನಲವತ್ತು, ಆಳಕ್ಕೆ ಹತ್ತು. ಡೋಲನ್ನು ನಡುಮಧ್ಯಕ್ಕೆ ತಂದೆ. ಪೂರ್ತಿ ಸರಿಹೋಗಲಿಲ್ಲ, ಆದರೆ ನೋಡುವ ಹಾಗಾಯಿತು. ಆ ಹುಡುಗಿಗೆ ನಾನು ಆ ದಿನ ಥ್ಯಾಂಕ್ಸ್ ಹೇಳಲಿಲ್ಲ. ಬರೀ "ಹ್ಞೂಂ" ಅಂದಿದ್ದೆ.

ಆಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. ಓದಿದಷ್ಟೂ ನನ್ನ ಚಿಕ್ಕಂದಿನ ನೆನಪುಗಳೇ ಬೇರೆ ಥರ ಕಾಣತೊಡಗಿದವು.

ನಮ್ಮ ಮನೆ ಅಂಕೋಲಾ ತಾಲೂಕಿನ ಸಮುದ್ರದ ದಂಡೆಯಲ್ಲಿ. ನಾನು ಸಣ್ಣವಳಿದ್ದಾಗ ಇನ್ನೂ ರಂಪಣಿ ಇತ್ತು. ಇಲ್ಲಿ ಕೂತ ಹಿರಿಯರಿಗೆ ಹೇಳಬೇಕಾಗಿಲ್ಲ, ಕಿರಿಯರಿಗೆ ಹೇಳುತ್ತೇನೆ. ದೋಣಿಯಲ್ಲಿ ಬಲೆ ಒಯ್ದು ಸಮುದ್ರದಲ್ಲಿ ಅರ್ಧ ಚಂದ್ರದ ಹಾಗೆ ಬಿಡುತ್ತಿದ್ದರು. ಎರಡು ತುದಿಯ ಹಗ್ಗ ದಂಡೆಗೆ. ಒಂದೊಂದು ಹಗ್ಗಕ್ಕೂ ಹತ್ತಾರು ಜನ. ಎರಡು ಗುಂಪಿನ ನಡುವೆ ಕೂಗಿದರೂ ಕೇಳದಷ್ಟು ದೂರ. ಎಳೆಯುತ್ತಾ ಎಳೆಯುತ್ತಾ ಎರಡೂ ಗುಂಪು ಹತ್ತಿರ ಬರಬೇಕು. ಒಂದು ಕಡೆಯವರು ಅವಸರ ಮಾಡಿದರೆ ಬಲೆ ಸೊಟ್ಟಗಾಗಿ ಮೀನು ತಪ್ಪಿಸಿಕೊಳ್ಳುತ್ತದೆ. ಬಟ್ಟೆ ಬೀಸಿ, ಕೈ ಮಾಡಿ ಹೇಳುವುದು ಇತ್ತು. ಆದರೆ ಜಾಸ್ತಿ ಸುದ್ದಿ ಬರುತ್ತಿದ್ದದ್ದು ಹಗ್ಗದಲ್ಲೇ. ನಾನೂ ಹಗ್ಗದ ತುದಿ ಹಿಡಿದಿದ್ದೇನೆ. ನನ್ನ ಬಲದಿಂದ ಏನೂ ಆಗುತ್ತಿರಲಿಲ್ಲ, ಕೊನೆಗೆ ಸಿಗುವ ನಾಲ್ಕು ತಾರ್ಲೆ ಮೀನಿನ ಆಸೆಗೆ. ಮುಂದಿನವರು ಯಾವಾಗ ಎಳೆಯುತ್ತಾರೆಂದು ನೋಡಬೇಕಾಗಿರಲಿಲ್ಲ. ಅಂಗೈಯಲ್ಲಿ ಹಗ್ಗ ಬಿಗಿಯುತ್ತಿತ್ತು, ಸಡಿಲುತ್ತಿತ್ತು. ಅಷ್ಟರಲ್ಲಿ ಕಾಲು ತಾನೇ ಹಿಂದೆ ಹೋಗಿರುತ್ತಿತ್ತು.

1970ರ ದಶಕದಲ್ಲಿ ಯಾಂತ್ರಿಕ ದೋಣಿಗಳು, ಪರ್ಸೀನ್ ಬಲೆಗಳು ಬಂದವು. ರಂಪಣಿ ಹಿಂದೆ ಸರಿಯಿತು. ಈಗ ಕಾರವಾರದ ಕಡೆ ಸಣ್ಣ ಏಂಡಿ ಬಲೆ ಎಳೆಯುವಾಗ ಪ್ರವಾಸಿಗರು ಹೋಗಿ ಹಗ್ಗ ಹಿಡಿದು ಫೋಟೋ ತೆಗೆಸಿಕೊಳ್ಳುವುದನ್ನು ನೋಡಿರಬಹುದು. ಅವರನ್ನು ಗಮನಿಸಿ. ಮೊದಲ ಎರಡು ನಿಮಿಷ ಎಲ್ಲರಿಗಿಂತ ಜೋರಾಗಿ ಎಳೆಯುತ್ತಾರೆ, ತಪ್ಪು ಹೊತ್ತಿನಲ್ಲಿ. ಐದು ನಿಮಿಷಕ್ಕೆ ಸರಿಹೋಗಿರುತ್ತಾರೆ. ಯಾರೂ ಕಲಿಸಿರುವುದಿಲ್ಲ. ಹಗ್ಗವೇ ಕಲಿಸಿರುತ್ತದೆ.

ಇದೇ ಕತೆ ಗಡಿಯಾರದ್ದೂ ಇದೆ. 1665ರಲ್ಲಿ ಹೈಗೆನ್ಸ್ ಅನ್ನುವ ಡಚ್ ವಿಜ್ಞಾನಿ ಹುಷಾರಿಲ್ಲದೆ ಮಲಗಿದ್ದ. ಪಕ್ಕದಲ್ಲಿ ಅವನೇ ಮಾಡಿಸಿದ ಎರಡು ಲೋಲಕದ ಗಡಿಯಾರ. ಬೇಕೆಂದೇ ತಪ್ಪಿಸಿ ಬಿಟ್ಟರೂ ಅರ್ಧ ಗಂಟೆಯೊಳಗೆ ಎರಡೂ ಲೋಲಕ ಹೊಂದಿಕೊಂಡುಬಿಡುತ್ತಿದ್ದವು. ಒಂದು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ, ತಪ್ಪದೆ. ಎರಡೂ ಒಂದೇ ಮರದ ತೊಲೆಗೆ ತೂಗಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟ ತೊಲೆಯಲ್ಲಿ ಆಚೀಚೆ ಹೋಗುತ್ತಿತ್ತು. ನಮ್ಮ ರಂಪಣಿಗೆ ಹಗ್ಗ, ಆ ಗಡಿಯಾರಗಳಿಗೆ ತೊಲೆ.

ಸೇತುವೆಯೂ ಹಗ್ಗದ ಹಾಗೇ ಆಗಬಹುದು. ಲಂಡನ್ನಿನಲ್ಲಿ ಥೇಮ್ಸ್ ನದಿಗೆ ನಡೆದು ಹೋಗುವವರಿಗೆಂದೇ ಒಂದು ಸೇತುವೆ ಕಟ್ಟಿದರು. 2000ದ ಜೂನ್ 10ಕ್ಕೆ ತೆರೆದರು, ಎರಡೇ ದಿನಕ್ಕೆ ಮುಚ್ಚಿದರು. ಜನ ತುಂಬಿದ ಕೂಡಲೇ ಅದು ಪಕ್ಕಕ್ಕೆ ತೂಗತೊಡಗಿತ್ತು. ಎಲ್ಲರೂ ಹೆಜ್ಜೆಗೆ ಹೆಜ್ಜೆ ಸೇರಿಸಿದ್ದರಿಂದ ಹೀಗಾಯಿತೆಂದು ಬಹಳ ಕಾಲ ಹೇಳುತ್ತಿದ್ದರು. ಆಮೇಲೆ ಲೆಕ್ಕ ಹಾಕಿದವರು ಬೇರೆ ಹೇಳಿದರು. ಜನ ಬೀಳದೆ ಇರಲು ಕಾಲು ಅಗಲಿಸಿ ಸಾವರಿಸಿಕೊಳ್ಳುತ್ತಿದ್ದರು. ಅದರಿಂದಲೇ ಸೇತುವೆಗೆ ಇನ್ನಷ್ಟು ತೂಗು ಸಿಗುತ್ತಿತ್ತು. ಹೆಜ್ಜೆ ಸೇರಿದ್ದರೆ ಅದು ಆಮೇಲಿನ ಮಾತು. ನಮ್ಮ ಕಡೆಯ ತೂಗುಸೇತುವೆ ದಾಟಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ, ಅಲ್ವಾ? ಅಲುಗಾಡಿದ ಕೂಡಲೇ ಎಲ್ಲರೂ ಒಂದೇ ಥರ ಕಾಲು ಅಗಲ ಮಾಡುತ್ತೇವೆ.

ಈಗ ಸ್ವಲ್ಪ ಕೆಲಸ ಕೊಡುತ್ತೇನೆ. ಪಿಟಿ ಅಕ್ಕೋರನ್ನು ಕರೆದು ಸುಮ್ನೆ ಕೂತುಹೋಗುವ ಹಾಗಿಲ್ಲ. ಎರಡೂ ಕೈ ತೊಡೆಯ ಮೇಲಿಡಿ. ತೋರುಬೆರಳು ಎರಡನ್ನೂ ಮುಂದೆ ಚಾಚಿ. ಎರಡೂ ಬೆರಳು ಒಟ್ಟಿಗೆ ಎಡಕ್ಕೆ, ಒಟ್ಟಿಗೆ ಬಲಕ್ಕೆ. ಬಸ್ಸಿನ ವೈಪರ್ ಹಾಗೆ. ನಿಧಾನವಾಗಿ. ಸರಿ. ಈಗ ಜೋರು. ಇನ್ನೂ ಜೋರು.

(ಸಭೆಯಲ್ಲಿ ನಗು.)

ನೋಡಿದಿರಾ? ಹೆಚ್ಚಿನವರ ಬೆರಳು ಈಗ ವೈಪರ್ ಹಾಗೆ ಇಲ್ಲ. ಎರಡೂ ಒಳಗೆ ಬರುತ್ತವೆ, ಎರಡೂ ಹೊರಗೆ ಹೋಗುತ್ತವೆ, ಕನ್ನಡಿಯ ಹಾಗೆ. ಈಗ ನಿಧಾನ ಮಾಡಿ. ವಾಪಸ್ ವೈಪರ್ ಆಗಲಿಲ್ಲ, ಅಲ್ವಾ? ಒಮ್ಮೆ ಆ ಕಡೆ ಜಾರಿದರೆ ತಾನಾಗಿ ಹಿಂದೆ ಬರುವುದಿಲ್ಲ. 1980ರ ದಶಕದ ಮೊದಲಲ್ಲಿ ಸ್ಕಾಟ್ ಕೆಲ್ಸೊ ಅನ್ನುವವರು ಇದನ್ನು ಪ್ರಯೋಗ ಮಾಡಿ ತೋರಿಸಿದರು. 1985ರಲ್ಲಿ ಹಾಕನ್, ಬುಂಜ್ ಜೊತೆ ಸೇರಿ ಇದಕ್ಕೆ ಗಣಿತ ಬರೆದರು.

ಎರಡೂ ಬೆರಳು ನಿಮ್ಮದೇ, ತಲೆ ಒಂದೇ, ಹಾಗಾಗಿ ಇದರಲ್ಲಿ ಏನು ಆಶ್ಚರ್ಯ ಅನ್ನಬಹುದು. 1990ರಲ್ಲಿ ಶ್ಮಿಟ್, ಕ್ಯಾರೆಲೊ, ಟರ್ವಿ ಅನ್ನುವ ಮೂವರು ಇದನ್ನೇ ಇಬ್ಬರು ಜನರ ಮೇಲೆ ಮಾಡಿದರು. ಇಬ್ಬರೂ ಕೂತು ಒಂದೊಂದು ಕಾಲು ತೂಗಬೇಕು, ಒಬ್ಬರ ಕಾಲು ಇನ್ನೊಬ್ಬರು ನೋಡುತ್ತಿರಬೇಕು. ಒಬ್ಬರದ್ದು ಮುಂದೆ ಬಂದಾಗ ಇನ್ನೊಬ್ಬರದ್ದು ಹಿಂದೆ. ವೇಗ ಹೆಚ್ಚಿಸಿದಾಗ ಅಲ್ಲೂ ಹಾಗೇ ಆಯಿತು. ಇಬ್ಬರ ಕಾಲೂ ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ. ನಡುವೆ ನರ ಇಲ್ಲ, ಹಗ್ಗ ಇಲ್ಲ, ತೊಲೆ ಇಲ್ಲ. ಬರೀ ನೋಟ. 2007ರಲ್ಲಿ ತೂಗುವ ಕುರ್ಚಿಯಲ್ಲಿ ಜನರನ್ನು ಅಕ್ಕಪಕ್ಕ ಕೂರಿಸಿದ ಪ್ರಯೋಗವೂ ಇದೆ. ನಿಮ್ಮ ಪಾಡಿಗೆ ತೂಗಿ ಅಂದರೂ, ಕುರ್ಚಿಗೆ ಭಾರ ಕಟ್ಟಿ ವೇಗ ಬೇರೆ ಮಾಡಿದರೂ, ಪಕ್ಕದವರು ಕಣ್ಣಿಗೆ ಬಿದ್ದಾಗ ಮತ್ತೆ ಮತ್ತೆ ಒಂದೇ ತಾಳಕ್ಕೆ ಜಾರುತ್ತಿದ್ದರು.

ಇದನ್ನು ಓದಿದ ದಿನ ನನಗೆ ದೊಡ್ಡಾಯಿ ನೆನಪಾದಳು. ಅವಳ ಹೆಬ್ಬೆರಳಿನ ಉಗುರು ಕೂಡ.

ನಮ್ಮ ಮನೆಯಲ್ಲಿ ಅವಲಕ್ಕಿ ಕುಟ್ಟುತ್ತಿದ್ದರು. ನೆನೆಸಿದ ಬತ್ತ ಹುರಿದು, ಬಿಸಿ ಇರುವಾಗಲೇ ಒರಳಿಗೆ ಹಾಕಿ, ಇಬ್ಬರು ಎದುರು ಬದುರು ನಿಂತು ಒನಕೆ ಹಾಕಬೇಕು. ಒಬ್ಬರ ಒನಕೆ ಕೆಳಗೆ ಹೋದಾಗ ಇನ್ನೊಬ್ಬರದ್ದು ಮೇಲೆ. ಒರಳಿನ ಬಾಯಿ ಒಂದೇ, ಅಗಲವೂ ಇಲ್ಲ. ಬಿಸಿ ಆರಿದರೆ ಬತ್ತ ಚಪ್ಪಟೆಯಾಗುವ ಬದಲು ಪುಡಿಯಾಗುತ್ತದೆ. ಹಾಗಾಗಿ ಕೈಗೆ ಅವಸರ. ಆದರೆ ದೊಡ್ಡಾಯಿ ಮಾತ್ರ ಸುವ್ವಿ ಹಾಡನ್ನು ಒಂದೇ ಗತಿಯಲ್ಲಿ ಎಳೆಯುತ್ತಿದ್ದಳು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮೊದಲ ಸಲ ನನಗೆ ಎದುರಿನ ಒನಕೆ ಸಿಕ್ಕಿತು. ಖುಷಿಯಲ್ಲಿ ಜೋರು ಮಾಡಿದೆ. "ತಂಗೀ, ಹಾಡಿನ ಹಿಂದೆ ಬಾ, ಮುಂದೆ ಓಡಬೇಡ" ಅಂದಳು. ಕೇಳಲಿಲ್ಲ. ಎರಡು ಒನಕೆಯೂ ಒಂದೇ ಸಲ ಇಳಿದವು. "ಟಕ್" ಅಂತ ಬಡಿದು ನನ್ನದು ಪಕ್ಕಕ್ಕೆ ಜಾರಿ ಅವಳ ಕೈಗೆ ತಾಗಿತು. ಉಗುರು ಕಪ್ಪಾಗಿ ಉದುರಿ ಹೊಸದು ಬರಲು ತಿಂಗಳುಗಟ್ಟಲೆ ಹಿಡಿಯಿತು.

ಆಗ ಅದು ನನ್ನ ಗಡಿಬಿಡಿ ಅಂದುಕೊಂಡಿದ್ದೆ. ಗಡಿಬಿಡಿಯೇ. ಆದರೆ ಗಡಿಬಿಡಿಯಲ್ಲಿ ಒನಕೆ ಹೇಗೆ ಬೇಕಾದರೂ ತಪ್ಪಬಹುದಿತ್ತು. ತಪ್ಪಿದ್ದು ಮಾತ್ರ ಇಬ್ಬರೂ ಒಟ್ಟಿಗೆ ಇಳಿಯುವ ಹಾಗೆ. ಬೆರಳು ಜಾರಿದ ಹಾಗೇ ಒನಕೆಯೂ ಜಾರಿತು ಅಂತ ನನಗೆ ಈಗ ಅನ್ನಿಸುತ್ತದೆ. ಉಲ್ಟಾ ಮಾಡುವ ಹೊಂದಾಣಿಕೆ ನಿಧಾನದಲ್ಲಿ ಮಾತ್ರ ನಿಲ್ಲುತ್ತದೆ. ದೊಡ್ಡಾಯಿಯ ಹಾಡು ಬೇಸರ ಕಳೆಯಲು ಅಂತ ನಾವು ಪುಸ್ತಕದಲ್ಲಿ ಬರೆಯುತ್ತೇವೆ. ಬೇಸರ ಕಳೆಯುತ್ತದೆ, ನಿಜ. ಜೊತೆಗೆ ಅದು ಬ್ರೇಕು.

ಬೇಗ ಆದಷ್ಟೂ ಹೊಂದಾಣಿಕೆ ಕೆಡುತ್ತದೆ ಅನ್ನುವುದು ಚಪ್ಪಾಳೆಯಲ್ಲೂ ಇದೆ. ರುಮೇನಿಯಾ, ಹಂಗೇರಿ ಕಡೆ ನಾಟಕ ಮುಗಿದ ಮೇಲೆ ಜನ ತಾಳ ಹಾಕಿ ಒಟ್ಟಿಗೆ ತಟ್ಟುತ್ತಾರಂತೆ. 2000ದಲ್ಲಿ ಅದನ್ನು ರೆಕಾರ್ಡ್ ಮಾಡಿ ನೋಡಿದರು. ಮೊದಲು ಎಲ್ಲರೂ ಬೇಗ ಬೇಗ, ಅವರವರ ಪಾಡಿಗೆ. ಒಟ್ಟಾಗುವ ಹೊತ್ತಿಗೆ ಒಬ್ಬೊಬ್ಬರೂ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿರುತ್ತಾರೆ. ಖುಷಿ ಜಾಸ್ತಿಯಾಗಿ ಮತ್ತೆ ಜೋರು ಮಾಡಿದರೆ ತಾಳ ಚದುರುತ್ತದೆ. ನೀವು ಆಗ ನನಗೆ ತಟ್ಟಿದ್ದು ಮೊದಲನೇ ಥರದ್ದು, ಬೇಸರವಿಲ್ಲ.

ಇಲ್ಲಿ ಒಂದು ತಕರಾರು ಹೇಳಬೇಕು. ಶಾಲೆಯ ಗ್ಯಾದರಿಂಗಿನಲ್ಲಿ ಈಗ ಎಲ್ಲವೂ ಟ್ರ್ಯಾಕ್ ಹಾಕಿ ಕುಣಿಯುವುದು. ಪೆನ್ ಡ್ರೈವ್ ಸಿಕ್ಕಿಸುತ್ತಾರೆ, ಮಕ್ಕಳು ಓಡುತ್ತಾರೆ. ಒಂದು ಮಗು ಹೆಜ್ಜೆ ತಪ್ಪಿದರೆ ಹಾಡು ಕಾಯುವುದಿಲ್ಲ. ಮಗು ನಡುವೆ ನಿಂತು ಅಮ್ಮನ ಕಡೆ ನೋಡುತ್ತದೆ. ಅದೇ ನಮ್ಮ ಯಕ್ಷಗಾನ ನೋಡಿ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟ ನಾನು ಹಲವು ಸಲ ನೋಡಿದ್ದೇನೆ. ಕತೆ ಗೊತ್ತಿದ್ದದ್ದೇ, ಹಾಗಾಗಿ ನಾನು ನೋಡುತ್ತಿದ್ದದ್ದು ಚಂಡೆಯವರ ಕಣ್ಣನ್ನು. ಅವರು ಚಂಡೆ ನೋಡುವುದಿಲ್ಲ. ವೇಷಧಾರಿಯ ಕಾಲು ನೋಡುತ್ತಾರೆ. ಮಂಡಿ ಹಾಕಿ ತಿರುಗುವಾಗ ಇನ್ನೆರಡು ಸುತ್ತು ಹೊಡೆಯುತ್ತಾನೋ, ಏಳುತ್ತಾನೋ ಅಂತ ಅವನ ಭುಜದಲ್ಲೇ ಅವರಿಗೆ ಗೊತ್ತಾಗುತ್ತದೆ. ಭಾಗವತರು ಪದ ಹಿಗ್ಗಿಸುತ್ತಾರೆ. ಅವನು ಅದನ್ನು ಕೇಳಿ ಇನ್ನೊಂದು ಸುತ್ತು ಹಾಕುತ್ತಾನೆ. ಯಾರು ಯಾರ ಹಿಂದೆ? ಭಾಗವತರೇ ಮೊದಲ ವೇಷ ಅನ್ನುವ ಮಾತಿದೆ, ಗೌರವ ಅವರಿಗೇ ಸಲ್ಲಬೇಕು. ಆದರೆ ಆ ಕ್ಷಣದಲ್ಲಿ ಕೇಳಿದರೆ ಉತ್ತರ ಇಲ್ಲ.

2010ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಇಬ್ಬರಿಗೆ ಹೆಡ್‌ಫೋನ್ ಹಾಕಿಸಿ, ಒಬ್ಬರ ಬೆರಳಿನ ಪೆಟ್ಟು ಇನ್ನೊಬ್ಬರಿಗೆ ಕೇಳುವ ಹಾಗೆ ಮಾಡಿ, ಒಟ್ಟಿಗೆ ತಾಳ ಹಾಕಿ ಅಂದರು. ಒಬ್ಬರು ಮುಂದಾಳು, ಇನ್ನೊಬ್ಬರು ಹಿಂಬಾಲಕರು ಆಗುತ್ತಾರೆ ಅಂತ ನಾವಾದರೆ ಅಂದುಕೊಳ್ಳುತ್ತಿದ್ದೆವು. ಹಾಗಾಗಲಿಲ್ಲ. ಇಬ್ಬರೂ ಹಿಂಬಾಲಕರೇ. ಪ್ರತಿ ಪೆಟ್ಟಿಗೂ ಇವನು ಅವನ ಕಡೆ ಸ್ವಲ್ಪ ಸರಿಯುತ್ತಾನೆ, ಅವನು ಇವನ ಕಡೆ. ಸಣ್ಣ ಮಕ್ಕಳಲ್ಲಿ ಇದು ಇನ್ನೂ ಚೆಂದ. 2009ರಲ್ಲಿ ಕಿರ್ಶ್ನರ್, ಟೊಮಸೆಲೊ ಅನ್ನುವ ಇಬ್ಬರು ಜರ್ಮನಿಯಲ್ಲಿ ಎರಡೂವರೆ ವರ್ಷದ ಮಕ್ಕಳಿಗೂ ಡೋಲು ಕೊಟ್ಟು ನೋಡಿದರು. ಸ್ಪೀಕರಿನ ತಾಳಕ್ಕಿಂತ ಎದುರಿಗೆ ಕೂತು ಬಾರಿಸುವ ಮನುಷ್ಯರ ತಾಳಕ್ಕೆ ಮಕ್ಕಳು ಚೆನ್ನಾಗಿ ಹೊಂದಿಕೊಂಡರು. ಟ್ರ್ಯಾಕ್ ಬೇಡ, ಒಬ್ಬರು ಕೂತು ಹಾಡಿ, ಒಬ್ಬರು ಬಾರಿಸಿ ಅಂತ ನಾನು ವಾದ ಮಾಡುತ್ತಿದ್ದದ್ದಕ್ಕೆ ಇದೇ ಕಾರಣ. ವಾದದಲ್ಲಿ ಪ್ರತಿ ವರ್ಷ ಸೋಲುತ್ತಿದ್ದೆ, ಅದು ಬೇರೆ ವಿಷಯ.

ಇನ್ನೊಂದು ಸಂಗತಿ. ತಾಳಕ್ಕೆ ಸರಿಯಾಗಿ ಬೆರಳು ಬಡಿಯಿರಿ ಅಂದರೆ ಹೆಚ್ಚಿನವರು ಸೆಕೆಂಡಿನ ನೂರರಲ್ಲಿ ಕೆಲವು ಪಾಲು ಮೊದಲೇ ಬಡಿಯುತ್ತಾರೆ. ಕೇಳಿಸಿಕೊಂಡು ಬಡಿಯುವುದಾದರೆ ತಡವಾಗಬೇಕಿತ್ತು. ಅಂದರೆ ನಾವು ಕೇಳಿಸಿಕೊಂಡು ಮಾಡುವುದಲ್ಲ. ಬರುತ್ತದೆ ಅಂತ ಅಂದಾಜು ಮಾಡಿ, ಮೈಯನ್ನು ಮೊದಲೇ ಕಳಿಸಿರುತ್ತೇವೆ. ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ಏನಾಗುತ್ತದೆ ನೋಡಿ. ಎರಡು ತಿಂಗಳ ಕೂಸು ಕೂಡ ಅಮ್ಮನ ಕೈ ತಾಗುವ ಮೊದಲೇ ಮೈ ಬಿಗಿ ಮಾಡುತ್ತದೆ. ಎತ್ತುವುದು ಅಮ್ಮ, ಏಳುವುದು ಕೂಸು. ಮಲಗಿದ ಕೂಸನ್ನು ಎತ್ತಿದವರಿಗೆ ಗೊತ್ತು, ಅದೇ ತೂಕ ಎಷ್ಟು ಭಾರ ಅಂತ.

ಒಟ್ಟಿಗೆ ಮಾಡಿದರೆ ದಣಿವು ಕಡಿಮೆ ಅಂತ ಹಿರಿಯರು ಹೇಳುತ್ತಿದ್ದದ್ದಕ್ಕೂ ಒಂದು ಪುರಾವೆ ಸಿಕ್ಕಿದೆ. 2009ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ದೋಣಿ ಸ್ಪರ್ಧೆಯ ಹುಡುಗರನ್ನು ಹುಟ್ಟು ಹಾಕುವ ಯಂತ್ರದ ಮೇಲೆ ಒಬ್ಬೊಬ್ಬರನ್ನೇ ದುಡಿಸಿದರು, ಆಮೇಲೆ ಗುಂಪಿನಲ್ಲಿ. ದುಡಿಮೆ ಅಷ್ಟೇ. ಬಿಪಿ ನೋಡುವ ಪಟ್ಟಿ ತೋಳಿಗೆ ಬಿಗಿದು ಎಷ್ಟು ನೋವು ತಡೆಯುತ್ತಾರೆಂದು ನೋಡಿದರೆ, ಗುಂಪಿನಲ್ಲಿ ಹುಟ್ಟು ಹಾಕಿದ ಮೇಲೆ ಜಾಸ್ತಿ ತಡೆದರು. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಹಾಲಕ್ಕಿಗಳ ಹಾಡಿನ ಬಗ್ಗೆ ಮಾತಾಡಿದರು. ನಾವು ಆ ಹಾಡುಗಳನ್ನು ವೇದಿಕೆಯ ಮೇಲೆ ಕೂರಿಸಿ ಕೇಳುತ್ತೇವೆ. ಗದ್ದೆಯಲ್ಲಿ ಸಾಲಾಗಿ ಬಗ್ಗಿದ ಬೆನ್ನುಗಳು ಇಲ್ಲದೆ ಅರ್ಧ ಹಾಡು ಮಾತ್ರ ಕೇಳಿದ ಹಾಗೆ ನನಗಾಗುತ್ತದೆ.

ಮಾತು ಮುಗಿದ ಮೇಲೆ ಎರಡನೇ ಸಾಲಿನಿಂದ ಒಬ್ಬರು ಅಮ್ಮ ಎದ್ದರು. ಪಕ್ಕದಲ್ಲಿ ಅವರ ಯಜಮಾನರು. "ಅಕ್ಕೋರೇ, ಇವರಿಗೆ ಪಾರ್ಕಿನ್ಸನ್ ಉಂಟು. ನಡೀತಾ ನಡೀತಾ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡ್ತದೆ. ನಾನು ಪಕ್ಕದಲ್ಲಿ ತಾಳ ಹೇಳಿದ್ರೆ ಮಾತ್ರ ಹೊರಡ್ತದೆ. ಅದು ಯಾಕೆ?"

ಹೊರಗಿನ ತಾಳ ಆ ಕಾಯಿಲೆಯವರ ನಡಿಗೆಗೆ ಆಸರೆಯಾಗುತ್ತದೆ, ಫಿಸಿಯೋಥೆರಪಿಯಲ್ಲೂ ಬಳಸುತ್ತಾರೆ, ನೆಲದ ಮೇಲೆ ಪಟ್ಟೆ ಎಳೆದರೂ ಕೆಲವರಿಗೆ ಹೆಜ್ಜೆ ಬರುತ್ತದೆ ಅಂದೆ. ಮಿದುಳಿನೊಳಗೆ ತಾನಾಗಿ ಹೆಜ್ಜೆ ಹೊರಡಿಸುವ ವ್ಯವಸ್ಥೆ ಆ ಕಾಯಿಲೆಯಲ್ಲಿ ಸೋಲುತ್ತದೆ, ಹೊರಗಿನಿಂದ ಬಂದ ಗುರುತು ಬೇರೆ ದಾರಿಯಿಂದ ಕೆಲಸ ಮಾಡಿಸುತ್ತದೆ ಅಂತಲೂ ಹೇಳಿದೆ. ಆಮೇಲೆ ನನ್ನ ಕುತೂಹಲಕ್ಕೆ ಕೇಳಿದೆ, ಯಾವ ತಾಳ ಹೇಳ್ತೀರಿ, ಭಜನೆಯಾ?

"ಭಜನೆ ಎಲ್ಲ ಇಲ್ಲ. ಇವರು ಬಸ್ ಕಂಡಕ್ಟರ್ ಆಗಿದ್ದವರು" ಅಂದರು.

ಇಬ್ಬರೂ ಎದ್ದರು. ಬಾಗಿಲಿನವರೆಗೆ ಚೆನ್ನಾಗೇ ಬಂದರು. ಹೊಸ್ತಿಲ ಹತ್ತಿರ ಅವರ ಕಾಲು ನಿಂತಿತು. ಅಮ್ಮ ಎಳೆಯಲಿಲ್ಲ, ದೂಡಲಿಲ್ಲ. ತೋಳು ಹಿಡಿದು ತಾವೂ ನಿಂತರು. ಒಂದು ಉಸಿರು ಬಿಟ್ಟು, "ರೈಟ್" ಅಂದರು. ಏನೂ ಆಗಲಿಲ್ಲ. ಇನ್ನೊಮ್ಮೆ, ಸ್ವಲ್ಪ ಎಳೆದು, "ರೈ…ಟ್, ರೈಟ್." ಅವರ ಚಪ್ಪಲಿ ಹೊಸ್ತಿಲು ದಾಟಿತು.